ಕಡಲ ಮೇಲಿನ ಪಂಕ್ತಿ ಊಟ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ನವ ಮಂಗಳೂರು ಬಂದರಿಗೆ ಆಗೊಮ್ಮೆ ಈಗೊಮ್ಮೆ ವಿಲಾಸಿ ಪ್ರವಾಸಿ ಹಡಗುಗಳು ಬರುವುದುಂಟು. ಅವುಗಳಿಂದ ಇಳಿದ ವಿದೇಶಿಯರು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಯೊಳಗೆ ಹಡಗು ಸೇರುತ್ತಾರೆ. ರಾತ್ರಿಯೂಟ ಅಲ್ಲಿಯೇ. ಎಷ್ಟೋ ಮಂದಿಗೆ ಈ ಪ್ರವಾಸದ ದೊಡ್ಡ ಆಕರ್ಷಣೆಯೇ ಆ ಊಟ. ಹಡಗಿನ ಕಂಪನಿಗಳು ಪೈಪೋಟಿಗೆ ಬಿದ್ದಿರುವುದೂ ಊಟದ ವಿಷಯದಲ್ಲೇ.

ಹಾಗಾದರೆ ಯಾವ ಹಡಗಿನ ಊಟ ಚೆನ್ನ? ಕಂಪನಿಗಳ ಬಣ್ಣದ ಪುಸ್ತಿಕೆಗಳನ್ನು ತೆರೆದರೆ ಭಕ್ಷ್ಯಗಳ ಪಟ್ಟಿ ಕಾಣುತ್ತದೆ. ಆದರೆ ನಮ್ಮ ಮದುವೆ ಮನೆಗಳಲ್ಲಿ ಉಂಡವರಿಗೆ ಗೊತ್ತು, ಊಟದ ಸೊಗಸು ಪಾಯಸದಲ್ಲಷ್ಟೇ ಇಲ್ಲ. ಎಷ್ಟನೇ ಪಂಕ್ತಿಯಲ್ಲಿ ಎಲೆ ಸಿಕ್ಕಿತು, ಪಕ್ಕದಲ್ಲಿ ಯಾರು ಕೂತರು, ಬಡಿಸುವವರು ಎಷ್ಟು ಜನ ಇದ್ದರು ಎಂಬುದೂ ಸೇರಿಯೇ ಊಟ. ಹಡಗುಗಳನ್ನು ಹೋಲಿಸಲಿಕ್ಕೂ ಇದೇ ಅಳತೆಗೋಲು ಸಾಕು.

ಕೋಣೆಗೆ ತಕ್ಕ ಕುರ್ಚಿ

ಈ ವ್ಯವಹಾರದಲ್ಲಿ ಬ್ರಿಟನ್ನಿನ ಕ್ಯುನಾರ್ಡ್ ಕಂಪನಿ ಹಿರಿಯಜ್ಜನಿದ್ದಂತೆ. 1840ರಲ್ಲಿ ಅದರ ‘ಬ್ರಿಟಾನಿಯಾ’ ಹಡಗು ಅಟ್ಲಾಂಟಿಕ್ ದಾಟುವಾಗ ತಾಜಾ ಹಾಲಿಗೆಂದು ಒಂದು ಹಸುವನ್ನೂ ಜೊತೆಗೆ ಒಯ್ದಿತ್ತು. 1842ರಲ್ಲಿ ಅದೇ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಅಲ್ಲಿನ ಊಟದ ಕೋಣೆ ಹಿಡಿಸಲಿಲ್ಲ. ಅದನ್ನು ಹೆಣ ಸಾಗಿಸುವ ಗಾಡಿಗೆ ಹೋಲಿಸಿ ಬರೆದ.

ಇಂದು ‘ಬ್ರಿಟಾನಿಯಾ’ ಎಂಬುದು 2004ರಲ್ಲಿ ಸಂಚಾರ ಆರಂಭಿಸಿದ ಕ್ವೀನ್ ಮೇರಿ-2 ಹಡಗಿನ ಮುಖ್ಯ ಭೋಜನಶಾಲೆಯ ಹೆಸರು. ಹಡಗಿನ ಪೂರ್ತಿ ಅಗಲಕ್ಕೆ, ಮೂರು ಅಂತಸ್ತಿನ ಎತ್ತರಕ್ಕೆ ಹರಡಿಕೊಂಡಿರುವ ಸಭಾಂಗಣ ಅದು. ಅಲ್ಲಿ ರಾತ್ರಿ ಎರಡು ಪಂಕ್ತಿ. ಮೊದಲಿನವರು ಎದ್ದ ಮೇಲೆ ಎರಡನೆಯವರು. ಆದರೆ ಹಡಗಿನವರೆಲ್ಲ ಇಲ್ಲಿ ಕೂರುವುದಿಲ್ಲ. ದೊಡ್ಡ ಕೋಣೆ ಹಿಡಿದವರಿಗೆ ‘ಪ್ರಿನ್ಸೆಸ್ ಗ್ರಿಲ್’ ಎಂಬ ಬೇರೆ ಶಾಲೆ, ಇನ್ನೂ ದೊಡ್ಡ ಕೋಣೆಯವರಿಗೆ ‘ಕ್ವೀನ್ಸ್ ಗ್ರಿಲ್’. ನಮ್ಮಲ್ಲಿ ಇದನ್ನು ಪಂಕ್ತಿಭೇದ ಎನ್ನುತ್ತೇವೆ. ಅಲ್ಲಿ ಅದು ಟಿಕೆಟ್ಟಿನ ದರ.

ಆದರೂ ಇಲ್ಲಿನ ವಾತಾವರಣಕ್ಕೆ ಮನಸೋಲುವವರು ಬಹಳ. ಮಧ್ಯಾಹ್ನದ ಚಹಾ ಬರುವುದು ಬಿಳಿ ಕೈಗವಸು ತೊಟ್ಟ ಪರಿಚಾರಕರ ಕೈಯಲ್ಲಿ. ಗಾಲಾ ರಾತ್ರಿಗಳಲ್ಲಿ ಗಂಡಸರಿಗೆ ಕಪ್ಪು ಸೂಟು, ಹೆಂಗಸರಿಗೆ ನೀಳ ಉಡುಪು. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿ. ಅಷ್ಟೂ ದಿನ ಅದೇ ಮೇಜು, ಅದೇ ನೆರೆಯವರು, ಬಡಿಸಲು ಅದೇ ಹುಡುಗ. ಮೂರನೇ ದಿನದ ಹೊತ್ತಿಗೆ ನಿಮಗೆ ಉಪ್ಪು ಕಡಿಮೆ ಬೇಕೆಂಬುದು ಅವನಿಗೆ ಬಾಯಿಪಾಠ.

ಎಲ್ಲಿ ಬೇಕಾದರೂ ಕೂರಿ

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಸಣ್ಣ ಹಡಗುಗಳು. ರೋಮಿನ ಕುಟುಂಬವೊಂದು ಆರಂಭಿಸಿದ ಸಿಲ್ವರ್‌ಸೀ ಕಂಪನಿಯ ಮೊದಲ ಹಡಗು ‘ಸಿಲ್ವರ್ ಕ್ಲೌಡ್’ ನೀರಿಗಿಳಿದದ್ದು 1994ರಲ್ಲಿ, ಸುಮಾರು 300 ಪ್ರಯಾಣಿಕರಿಗಾಗಿ. ಮುಖ್ಯ ಭೋಜನಶಾಲೆಯಲ್ಲಿ ಪಂಕ್ತಿಯಿಲ್ಲ, ಗೊತ್ತುಪಡಿಸಿದ ಮೇಜಿಲ್ಲ; ಹಸಿವಾದಾಗ ಹೋಗಿ, ಮನಸ್ಸು ಬಂದವರ ಜೊತೆ ಕೂತರಾಯಿತು. ಪಾನೀಯದ ಬೆಲೆಯೂ ಟಿಕೆಟ್ಟಿನಲ್ಲೇ ಸೇರಿರುವುದರಿಂದ ಕೊನೆಗೆ ಬಿಲ್ಲು ನೋಡಿ ಬೆಚ್ಚಬೇಕಿಲ್ಲ. 2021ರಲ್ಲಿ ಬಂದ ‘ಸಿಲ್ವರ್ ಮೂನ್’ ಹಡಗಿನಲ್ಲಿ ಇನ್ನೊಂದು ಹೊಸತು: ಹಡಗು ಯಾವ ನಾಡಿಗೆ ಹೋಗುತ್ತದೋ ಆ ನಾಡಿನ ಅಡುಗೆ ಬಡಿಸುವ ಪ್ರತ್ಯೇಕ ಶಾಲೆ. ಬಂದರು ಬದಲಾದಂತೆ ಅಲ್ಲಿನ ಅಡುಗೆಯ ಪಟ್ಟಿಯೂ ಬದಲಾಗುತ್ತದೆ.

2002ರಲ್ಲಿ ಶುರುವಾದ ಓಷಿಯಾನಿಯಾ ಕಂಪನಿ ಟೈ-ಕೋಟಿನ ಕಟ್ಟಳೆಯನ್ನೇ ಕೈಬಿಟ್ಟಿತು. ಫ್ರೆಂಚ್ ಮೂಲದ ಹೆಸರಾಂತ ಬಾಣಸಿಗ ಜಾಕ್ ಪೆಪಾಂ ಅದರ ಪಾಕಶಾಲೆಗೆ ವರ್ಷಗಟ್ಟಲೆ ಮಾರ್ಗದರ್ಶನ ಮಾಡಿದರು. 2011ರ ‘ಮರೀನಾ’ ಹಡಗಿನಲ್ಲಿ ಪ್ರಯಾಣಿಕರೇ ಒಲೆ ಮುಂದೆ ನಿಂತು ಕಲಿಯುವ ಅಡುಗೆ ಶಾಲೆ ಇದೆ. ಸಸ್ಯಾಹಾರಿಗಳಿಗೆ ಒಂದು ಒಳ್ಳೆಯ ಸುದ್ದಿ: 2017ರಿಂದ ಈ ಕಂಪನಿ ಹಾಲು-ಬೆಣ್ಣೆಯೂ ಇಲ್ಲದ ಸಸ್ಯಮೂಲ ಅಡುಗೆಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತು.

ಎರಡು ದಾರಿಗಳಲ್ಲೂ ಕಾಲಿಟ್ಟದ್ದು ಕ್ರಿಸ್ಟಲ್. ಜಪಾನಿ ಒಡೆತನದಲ್ಲಿ 1990ರಲ್ಲಿ ಯಾನ ಆರಂಭಿಸಿದಾಗ ಅಲ್ಲಿ ಕ್ಯುನಾರ್ಡಿನಂತೆಯೇ ಎರಡು ಪಂಕ್ತಿ. 2003ರ ‘ಕ್ರಿಸ್ಟಲ್ ಸೆರೆನಿಟಿ’ ಹಡಗಿಗೆ ಬಾಣಸಿಗ ನೊಬು ಮಟ್ಸುಹಿಸಾರ ಜಪಾನಿ ಅಡುಗೆ ಬಂತು. 2011ರಲ್ಲಿ ಬೇಕಾದ ಹೊತ್ತಿಗೆ ಉಣ್ಣುವ ಅವಕಾಶವೂ ಸಿಕ್ಕಿತು. ಊಟಕ್ಕೆ ಇಷ್ಟು ಹೆಸರಾಗಿದ್ದರೂ 2022ರ ಆರಂಭದಲ್ಲಿ ಮಾಲೀಕ ಸಂಸ್ಥೆ ಮುಳುಗಿ ಹಡಗುಗಳು ನಿಂತುಹೋದವು. ಹೊಸ ಒಡೆಯರ ಕೈಯಲ್ಲಿ ಮತ್ತೆ ಹೊರಟದ್ದು 2023ರಲ್ಲಿ.

ಸ್ವಾತಂತ್ರ್ಯ ಬಯಸುವವರಿಗೆ ಸಣ್ಣ ಹಡಗೇ ಸರಿ. ಆದರೆ ಒಂಟಿಯಾಗಿ ಬಂದ ಹಿರಿಯರಿಗೆ ‘ಎಲ್ಲಿ ಬೇಕಾದರೂ ಕೂರಿ’ ಎಂಬ ಮಾತು ಒಮ್ಮೊಮ್ಮೆ ಎಲ್ಲೂ ಜೊತೆ ಸಿಗದಂತೆ ಮಾಡೀತು. ಗೊತ್ತಾದ ಮೇಜಿನಲ್ಲಿ ಆ ಭಯವಿಲ್ಲ.

ಅಡುಗೆಮನೆಯ ಲೆಕ್ಕ

ರುಚಿಯ ಗುಟ್ಟು ಬಹುಪಾಲು ಗಣಿತ. ಕ್ವೀನ್ ಮೇರಿ-2ರಲ್ಲಿ ಸುಮಾರು 2,700 ಪ್ರಯಾಣಿಕರು. ಬ್ರಿಟಾನಿಯಾದಲ್ಲಿ ಒಂದು ಪಂಕ್ತಿಗೆ ಸಾವಿರಕ್ಕೂ ಮೀರಿ ತಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಡಬೇಕು. 300 ಜನರ ಹಡಗಿನಲ್ಲಿ, ಅದೂ ಬಿಡಿಬಿಡಿಯಾಗಿ ಬರುವವರಿಗೆ, ಕೇಳಿದ ಮೇಲೆ ಬಾಣಲೆ ಇಟ್ಟರೂ ನಡೆದೀತು.

ಕಷ್ಟಗಳು ಮಾತ್ರ ಇಬ್ಬರಿಗೂ ಒಂದೇ. ಬೆಂಕಿಯ ಭಯದಿಂದ ಹಡಗಿನ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ವಿದ್ಯುತ್ ಒಲೆಗಳೇ. ಜ್ವಾಲೆಯ ಮೇಲೆ ಉಬ್ಬಿಸಿದ ಫುಲ್ಕಾ ಸಿಗುವುದು ಕಷ್ಟ! ಹಡಗು ಓಲಾಡಿದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಕಂಬಿ ಕಟ್ಟಿರುತ್ತಾರೆ. ಶುಚಿತ್ವಕ್ಕೆ ಪರೀಕ್ಷೆಯೂ ಉಂಟು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಬಂದು ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ನಪಾಸು. ಅಂಕಪಟ್ಟಿ ಎಲ್ಲರಿಗೂ ಬಹಿರಂಗ. ಪರೀಕ್ಷೆಯಲ್ಲಿ 85 ಬಂದು ಹಿಗ್ಗುವ ನಮ್ಮ ಮಕ್ಕಳು ಇದನ್ನು ಕೇಳಿ ನಗಬಹುದು.

ಬಡಿಸುವವರ ಪಂಕ್ತಿ

ಈ ಹಡಗುಗಳ ಅಡುಗೆಮನೆಗಳಲ್ಲೂ ಭೋಜನಶಾಲೆಗಳಲ್ಲೂ ಭಾರತ, ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಯುವಕರು ಬಹಳ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ನಮ್ಮ ಹುಡುಗ ಹುಡುಗಿಯರ ಕಣ್ಣೂ ಇತ್ತ ಇದೆ. ಅವರು ತಿಳಿದಿರಬೇಕಾದದ್ದು, ಕೆಳಗಿನ ಅಂತಸ್ತಿನಲ್ಲಿ ಇನ್ನೊಂದು ಪಂಕ್ತಿಭೇದವಿದೆ. ಅಧಿಕಾರಿಗಳ ಊಟದ ಮನೆ ಬೇರೆ, ಕೆಲಸಗಾರರದ್ದು ಬೇರೆ. ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಹಬ್ಬ, ಹುಣ್ಣಿಮೆ ಎಲ್ಲ ಹಡಗಿನಲ್ಲೇ.

ರಕ್ಷಣೆಯೂ ಇದೆ. 2013ರಲ್ಲಿ ಜಾರಿಗೆ ಬಂದ, 2015ರಲ್ಲಿ ಭಾರತವೂ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮದಂತೆ ನೌಕರರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕೆಂಬುದು ಒಂದು ಅಳತೆ. ಕೆಲಸ ಕೊಡಿಸುವುದಕ್ಕೆಂದು ಏಜೆಂಟರು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ನಾವಿಕರ ಗುರುತು ಪುಸ್ತಕದಂಥವಕ್ಕೆ ಮಾತ್ರ ಖರ್ಚು ನಮ್ಮದು. ಏಜೆಂಟರ ಬಳಿ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು.

ಆದ್ದರಿಂದ ಪೋಷಕರೇ, ‘ಹಡಗಿನಲ್ಲಿ ಕೆಲಸ ಖಾತ್ರಿ, ಮೊದಲು ಲಕ್ಷ ಕಟ್ಟಿ’ ಎನ್ನುವವರ ಬಾಗಿಲಿಗೆ ಹೋಗುವ ಮುನ್ನ ಆ ಪರವಾನಗಿಯ ಸಂಖ್ಯೆ ಕೇಳಿ, ನಿರ್ದೇಶನಾಲಯದ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ವಿದ್ಯಾರ್ಥಿಗಳೇ, ಯಾವ ಹಡಗು ಸೇರುವುದೆಂದು ಯೋಚಿಸುವಾಗ ಸಂಬಳದ ಜೊತೆಗೆ ಎರಡು ಪ್ರಶ್ನೆ ಕೇಳಿ: ಒಬ್ಬ ಪರಿಚಾರಕನ ಪಾಲಿಗೆ ಎಷ್ಟು ಮೇಜು, ರಾತ್ರಿಗೆ ಎಷ್ಟು ಪಂಕ್ತಿ? ಅಲ್ಲಿ ಉಣ್ಣುವವರ ಊಟ ಹೇಗಿರುತ್ತದೆ, ಬಡಿಸುವ ನಿಮ್ಮ ದಿನ ಹೇಗಿರುತ್ತದೆ ಎಂಬ ಎರಡೂ ಆ ಉತ್ತರದಲ್ಲಿ ಸಿಗುತ್ತವೆ.