ಎರಡು ಟಿಕೆಟ್, ಒಂದೇ ಜೇಬು



ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹೊಸದಾಗಿ ಮದುವೆಯಾದ ಜೋಡಿಯೊಂದು ಕುಳಿತಿತ್ತು. "ಆಂಟಿ, ರಜೆಯಲ್ಲಿ ಬಾದಾಮಿ, ಪಟ್ಟದಕಲ್ಲು ಕಡೆ ಹೋಗ್ತಿದ್ದೇವೆ. ನೀವು ನೋಡಿದ್ದೀರಂತಲ್ಲ, ಏನಾದರೂ ಹೇಳಿ" ಎಂದಳು ಹುಡುಗಿ. ಹುಡುಗ ಕೂಡಲೇ ಮೊಬೈಲ್ ತೆಗೆದು ತೋರಿಸಿದ. ರೈಲಿನ ಟಿಕೆಟ್, ಹೋಟೆಲಿನ ಬುಕಿಂಗ್, ಕಾರಿನವನ ನಂಬರು, ಹಣ, ಎಲ್ಲವೂ ಅದರೊಳಗೇ. "ನಿನ್ನ ಹತ್ತಿರ ಏನಿದೆಯಮ್ಮಾ?" ಎಂದು ಹುಡುಗಿಯನ್ನು ಕೇಳಿದೆ. "ನನ್ನ ಹತ್ತಿರ ಇವನಿದ್ದಾನಲ್ಲ ಆಂಟಿ!" ಎಂದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಕೋಸಂಬರಿ ಬಂತು, ಮಾತು ಅಲ್ಲಿಗೇ ನಿಂತಿತು. ಅಂದು ಹೇಳದೆ ಉಳಿದದ್ದನ್ನು ಈಗ ನಿಮಗೆಲ್ಲ ಹೇಳುತ್ತಿದ್ದೇನೆ.

ನನ್ನ ತವರು ತೀರ್ಥಹಳ್ಳಿ. ನಮ್ಮ ಮನೆಯವರು ಹುಟ್ಟಿ ಬೆಳೆದದ್ದು ಮುಂಬಯಿಯ ಚಾಳಿನಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಅಂದರೆ ಹೆಚ್ಚುಕಡಿಮೆ ನಿಮ್ಮ ಹಾಗೆಯೇ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಓದುವಾಗ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಮದುವೆಯಾಗಿ ಎರಡು ವರ್ಷ ಕಳೆದರೂ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಹೋದರೆ ಅತ್ತೆಯವರ ಜೊತೆ ಪಂಢರಪುರ, ಇಲ್ಲವೇ ಯಾರದೋ ಮದುವೆ, ಯಾರದೋ ನಾಮಕರಣ. 1992ರ ಸಂಕ್ರಾಂತಿಯ ಹೊತ್ತಿಗೆ ಇವರಿಗೆ ಒಂದು ವಾರ ರಜೆ ಸಿಕ್ಕಿತು. ಬಿಜಾಪುರ, ಬಾದಾಮಿ ನೋಡಿಬರೋಣ ಎಂದರು. (ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ನನ್ನ ಬಾಯಿಗೆ ಇನ್ನೂ ಹಳೆಯ ಹೆಸರೇ ಬರುತ್ತದೆ, ಕ್ಷಮಿಸಿ.)

ರಾತ್ರಿ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಇಳಿದೆವು. ಅಲ್ಲಿಂದ ಮುಂದಕ್ಕೆ ಆಗ ಮೀಟರ್‌ಗೇಜ್ ಹಳಿ. ಚಿಕ್ಕ ಡಬ್ಬಿಗಳು, ಓಟವೂ ನಿಧಾನ. ಟಿಕೆಟ್ ಎಂದರೆ ಎರಡು ಬೆರಳಗಲದ ರಟ್ಟಿನ ಚೂರು, ನೀವು ನೋಡಿರಲಾರಿರಿ. ತಲೆಗೊಂದರಂತೆ ಎರಡು ಟಿಕೆಟ್ ಕೊಟ್ಟರು. ಇವರು ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡರು. ಹಣದ ಪಾಕೀಟು ಪ್ಯಾಂಟಿನ ಜೇಬಿನಲ್ಲಿ, ಲಾಡ್ಜಿನ ವಿಳಾಸ ಬರೆದ ಚೀಟಿ ಪಾಕೀಟಿನಲ್ಲಿ. ನನ್ನ ಚೀಲದಲ್ಲಿದ್ದದ್ದು ಬಾಚಣಿಗೆ, ಕುಂಕುಮದ ಭರಣಿ ಮತ್ತು ಅತ್ತೆಯವರು ಕಟ್ಟಿಕೊಟ್ಟ ಎಳ್ಳುಂಡೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಡಿ ಇಂಡಿ ರೋಡ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಕುಡಿಯುವ ನೀರು ಮುಗಿದಿತ್ತು. ಇವರು ಬಾಟಲಿ ಹಿಡಿದು, ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಕೆಳಗಿಳಿದು ನಲ್ಲಿಯ ಕಡೆಗೆ ಓಡಿದರು. ನಲ್ಲಿಯ ಮುಂದೆ ಐದಾರು ಜನ. ಗಾಡಿ ಸೀಟಿ ಹಾಕಿತು, ಹೊರಟೂಬಿಟ್ಟಿತು. ಕಿಟಕಿಯಿಂದ ನೋಡುತ್ತೇನೆ: ಇವರು ಬಾಟಲಿ ಎತ್ತಿ ಹಿಡಿದು ಓಡಿಬರುತ್ತಿದ್ದಾರೆ. ಮುಂದಿನ ಡಬ್ಬಿಗೆ ಹತ್ತಿರಬಹುದು ಎಂದುಕೊಂಡೆ. ಗಾಡಿ ತಿರುವಿಗೆ ಬಂದಾಗ ಹಿಂದಕ್ಕೆ ನೋಡಿದರೆ ಪ್ಲಾಟ್‌ಫಾರಂ ಮೇಲೆ ಇವರೊಬ್ಬರೇ ನಿಂತಿದ್ದರು.

ಈಗ ಹೇಳಿದರೆ ನಗು ಬರುತ್ತದೆ. ಅಂದು ನನಗೆ ಇಪ್ಪತ್ನಾಲ್ಕು ವರ್ಷ. ಎಂದೂ ಒಬ್ಬಳೇ ಪ್ರಯಾಣ ಮಾಡಿದವಳಲ್ಲ. ತವರಿನಲ್ಲಿ ದುಡ್ಡು ಅಪ್ಪಯ್ಯನ ಜೇಬಿನಲ್ಲಿತ್ತು, ಆಮೇಲೆ ಇವರ ಜೇಬಿಗೆ ಬಂತು. ನನ್ನ ಕೈಯಲ್ಲಿ ಟಿಕೆಟ್ ಇಲ್ಲ, ಒಂದು ರೂಪಾಯಿ ಇಲ್ಲ, ಲಾಡ್ಜಿನ ಹೆಸರು ಗೊತ್ತಿಲ್ಲ, ಇವರ ಆಫೀಸಿನ ಫೋನ್ ನಂಬರೂ ಬಾಯಿಗೆ ಬರುವುದಿಲ್ಲ. ಇವರಿಗೆ ಏನಾದೀತೋ ಎಂಬ ಭಯ ಆಮೇಲೆ ಬಂದದ್ದು. ಮೊದಲು ಬಂದದ್ದು ನಾಚಿಕೆ. ಡಿಗ್ರಿ ಮಾಡಿದವಳು, ಒಂದು ಮೂಟೆಯ ಹಾಗೆ ಕುಳಿತಿದ್ದೇನಲ್ಲ ಎಂದು.

ಎದುರಿಗೆ ಕುಳಿತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು. "ಯಾಕವಾ, ಗಂಡ ಉಳಕೊಂಡ್ನೇನು? ಅಳಬ್ಯಾಡ. ಎಲ್ಲಿಗೆ ಹೋಗ್ತಾನ, ಹಸಿವಾದ್ರ ಬರ್ತಾನ" ಎಂದು ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಮಲೆನಾಡಿನವಳಾದ ನಾನು ಸಜ್ಜೆಯ ರೊಟ್ಟಿ ತಿಂದದ್ದು ಅದೇ ಮೊದಲು. ಅಳುತ್ತಲೇ ಎರಡು ತಿಂದೆ.

ಬಿಜಾಪುರದಲ್ಲಿ ಸಾಮಾನು ಇಳಿಸಿಕೊಂಡು, ಇವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಹತ್ತಿರ ಹೋಗಿ ಟಿಕೆಟ್ ಇಲ್ಲವೆಂದು ನಾನೇ ಹೇಳಿದೆ. ಟಿಕೆಟ್ ಕಲೆಕ್ಟರ್ ನನ್ನ ಮುಖ ನೋಡಿದರು, ಚಪ್ಪಲಿ ನೋಡಿದರು. ಸ್ಟೇಷನ್ ಮಾಸ್ತರರ ಕೋಣೆಗೆ ಕರೆದುಕೊಂಡು ಹೋದರು. ಮಾಸ್ತರರು ರೈಲ್ವೆ ಫೋನಿನಲ್ಲಿ ಇಂಡಿ ರೋಡಿಗೆ ಮಾತಾಡಿ, "ಬರಿಗಾಲಾಗ ಒಬ್ರು ಬಾಟ್ಲಿ ಹಿಡಕೊಂಡು ಲಾರಿ ಹತ್ಯಾರಂತ. ಕುಂದರ್ರಿ ತಂಗಿ" ಎಂದರು. ಕುಳಿತೆ. ಗಡಿಯಾರ ಎದುರಿಗೇ ಇತ್ತು. ಇವರು ಬಂದಾಗ ಎಂಟೂವರೆ. ಕಾಲೆಲ್ಲ ಧೂಳು, ಕೈಯಲ್ಲಿ ಅದೇ ಬಾಟಲಿ, ತುಂಬ ನೀರು.

ಸಿನಿಮಾದಲ್ಲಾದರೆ ಇಲ್ಲಿ ಹಾಡು ಬರುತ್ತಿತ್ತು. ನಮ್ಮಲ್ಲಿ ಬಂದದ್ದು ಜಗಳ. "ಸರಪಳಿ ಎಳೆಯಬಾರದಿತ್ತೇ?" ಎಂದರು. "ದಂಡ ಕಟ್ಟೋಕೆ ನನ್ನ ಹತ್ರ ದುಡ್ಡು ಎಲ್ಲಿತ್ತು ರೀ?" ಎಂದೆ. "ಕೇಳಿದ್ದರೆ ಕೊಡುತ್ತಿರಲಿಲ್ಲವೇ?" ಎಂದರು. ಆ ಮಾತು ಎದೆಗೆ ನಾಟಿತು. ಕೇಳಿದರೆ ಕೊಡುವುದು ಬೇರೆ, ನನ್ನ ಹತ್ತಿರ ಇರುವುದು ಬೇರೆ ಅಲ್ಲವೇ? ಅದನ್ನು ಹೇಳುವ ಮಾತು ಅಂದು ನನಗೆ ಸಿಗಲಿಲ್ಲ. ಸುಮ್ಮನಾದೆ. ಅವರು ತಂದ ನೀರನ್ನು ಕುಡಿಯಲಿಲ್ಲ. ಮುಂಬಯಿಗೆ ವಾಪಸು ಹೋಗಿಬಿಡೋಣ ಎನ್ನಿಸಿತ್ತು. ಮುಂಬಯಿಗೆ ಹೋಗಿ ಅಲ್ಲಿಂದ ತವರಿಗೆ ಎಂಬಲ್ಲಿಯವರೆಗೂ ಮನಸ್ಸು ಹೋಗಿಬಂತು. ಹೊರಡಲು ದುಡ್ಡು ಮತ್ತೆ ಇವರನ್ನೇ ಕೇಳಬೇಕಲ್ಲ ಎಂದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಮಾತಿಲ್ಲದೆ ಗೋಲಗುಮ್ಮಟಕ್ಕೆ ಹೋದೆವು. ಅದು ಮಹಮದ್ ಆದಿಲ್‌ಶಾಹನ ಗೋರಿ. ಆತ ತೀರಿಕೊಂಡದ್ದು 1656ರಲ್ಲಿ. ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ನಡುವೆ ಒಂದೂ ಕಂಬವಿಲ್ಲ. ಮೂಲೆಗೊಂದರಂತಿರುವ ಏಳಂತಸ್ತಿನ ಗೋಪುರದೊಳಗಿನ ಕಿರುಮೆಟ್ಟಿಲು ಹತ್ತಿ ಹೋದರೆ ಗುಮ್ಮಟದ ಒಳಸುತ್ತಿನ ಪಡಸಾಲೆ ಸಿಗುತ್ತದೆ. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ದುಂಡಗಿನ ಗೋಡೆ ಸದ್ದನ್ನು ಚದುರಲು ಬಿಡದೆ ತನ್ನ ಮೈಗುಂಟ ಸಾಗಿಸಿಕೊಂಡು ಹೋಗುತ್ತದಂತೆ. ಇವರು ನನ್ನನ್ನು ಒಂದು ಕಡೆ ನಿಲ್ಲುವಂತೆ ಕೈಸನ್ನೆ ಮಾಡಿ ಎದುರು ಬದಿಗೆ ಹೋದರು. ಗೋಡೆಯ ಕಡೆ ತಿರುಗಿ ಏನೋ ಹೇಳಿದರು. ಅದೇ ಗಳಿಗೆಗೆ ಯಾವುದೋ ಶಾಲೆಯ ಪ್ರವಾಸದ ಮಕ್ಕಳು ಐವತ್ತು ಅರವತ್ತು ಮಂದಿ ಒಳಗೆ ನುಗ್ಗಿ "ಹೋ" ಎಂದು ಕೂಗಿದರು. ಅಲ್ಲಿ ಒಂದು ಕೂಗು ಏಳೆಂಟು ಸಲ ಮರುದನಿಗೊಡುತ್ತದೆ, ಅರವತ್ತು ಕೂಗುಗಳ ಗತಿ ನೀವೇ ಲೆಕ್ಕ ಹಾಕಿ! ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಸುತ್ತಿ ಬಂದು ಇವರು, "ಕೇಳಿಸಿತಾ?" ಎಂದರು. ಮುಖ ಕೆಂಪಾಗಿತ್ತು. ಮತ್ತೊಮ್ಮೆ ಹೇಳಿ ಎನ್ನಲು ನನಗೆ ಮನಸ್ಸಾಗಲಿಲ್ಲ. "ಹೂಂ, ಕೇಳಿಸಿತು" ಎಂದೆ. ಇವರು ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ನನ್ನ ಕೈಯಲ್ಲಿಟ್ಟರು. ಮೆಟ್ಟಿಲಿಳಿಯುತ್ತ ಮಾತು ಶುರುವಾಯಿತು, ಲಾಡ್ಜಿಗೆ ಬರುವ ಹೊತ್ತಿಗೆ ಕರಾರೂ ಆಯಿತು. ಅವರವರ ಟಿಕೆಟ್ ಅವರವರ ಹತ್ತಿರ. ಹಣ ಅರ್ಧ ಅರ್ಧ. ವಿಳಾಸದ ಚೀಟಿ ಎರಡು. ತಪ್ಪಿಸಿಕೊಂಡರೆ ಯಾರೂ ಹುಡುಕಿಕೊಂಡು ಹಿಂದಕ್ಕೆ ಹೋಗತಕ್ಕದ್ದಲ್ಲ. ಸೇರಬೇಕಾದ ಊರಿಗೆ ಹೋಗಿ ಸ್ಟೇಷನ್ ಮಾಸ್ತರರ ಕೋಣೆಯ ಮುಂದೆ ಕೂರತಕ್ಕದ್ದು. ಆ ರೈಲ್ವೆಯವರು ತಲೆಗೊಂದು ಟಿಕೆಟ್ ಬೇರೆ ಬೇರೆಯಾಗಿಯೇ ಕೊಟ್ಟಿದ್ದರು, ನೋಡಿ. ಎರಡನ್ನೂ ಒಂದೇ ಜೇಬಿಗೆ ಹಾಕಿದವರು ನಾವು.

ಬಾದಾಮಿಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಇವರಿಗೆ ಎಲ್ಲವನ್ನೂ ನೋಡಬೇಕು: ನಾಲ್ಕು ಗುಹೆ, ಕೋಟೆ, ಭೂತನಾಥ, ಬೋರ್ಡಿನ ಮೇಲಿನ ಪ್ರತಿ ಅಕ್ಷರ. ಮೂರನೆಯ ಗುಹೆಯಲ್ಲಿ 578ನೇ ಇಸವಿಯ ಮಂಗಳೇಶನ ಶಾಸನವಿದೆ ಎಂದು ಕೇಳಿ ಅದರ ಮುಂದೆ ಅರ್ಧ ಗಂಟೆ ನಿಂತರು. ನನಗೋ ಒಂದು ಕಡೆ ಕೂರಬೇಕು. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರ ಮಾತು ಕೇಳುತ್ತ ಎರಡು ಗಂಟೆ ಕುಳಿತೆ. ಕೋತಿಯೊಂದು ಎಳ್ಳುಂಡೆಯ ಡಬ್ಬಿಯನ್ನೇ ಹೊತ್ತುಕೊಂಡು ಹೋಯಿತು. ಸಂಜೆ ಅವರು ಶಾಸನದ ಕಥೆ ಹೇಳಿದರು, ನಾನು ಕೋತಿಯ ಕಥೆ ಹೇಳಿದೆ. ಒಟ್ಟಿಗೆ ನೋಡಿದ್ದರೆ ರಾತ್ರಿ ಹೇಳಿಕೊಳ್ಳಲು ಏನಿರುತ್ತಿತ್ತು? ಜೋಡಿಯಾಗಿ ಹೋದವರು ದಿನವಿಡೀ ಅಂಟಿಕೊಂಡೇ ಇರಬೇಕೆಂದು ಯಾರು ಹೇಳಿದರೋ ಕಾಣೆ.

ಆಮೇಲೆ ಬಹಳ ತಿರುಗಿದೆವು. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ವರ್ಷವೇ ಅದರಲ್ಲಿ ಹೋದೆವು. ಹರಿದ್ವಾರದ ಗದ್ದಲದಲ್ಲಿ ಒಮ್ಮೆ ಬೇರೆಯಾದೆವು. ಕರಾರಿನಂತೆ ಕಾಲು ಗಂಟೆಯೊಳಗೆ ಸ್ಟೇಷನ್ ಮಾಸ್ತರರ ಕೋಣೆಯ ಮುಂದೆ ಇಬ್ಬರೂ ಹಾಜರು. ಈಗ ಬಿಜಾಪುರದ ಹಾದಿ ಬ್ರಾಡ್‌ಗೇಜ್, ರಟ್ಟಿನ ಟಿಕೆಟ್ ಇಲ್ಲ. ಆದರೆ ಮೊಬೈಲಿಗೂ ಬ್ಯಾಟರಿ ಮುಗಿಯುತ್ತದೆ, ಅದೂ ನೀರಿಗೆ ಬೀಳುತ್ತದೆ, ಕಳುವಾಗುತ್ತದೆ. ಟಿಕೆಟ್ಟನ್ನು ಇಬ್ಬರ ಮೊಬೈಲಿಗೂ ಕಳುಹಿಸಿಕೊಳ್ಳಿ. ಸ್ವಲ್ಪ ನೋಟು ಇಬ್ಬರ ಹತ್ತಿರವೂ ಇರಲಿ. ಒಬ್ಬರ ನಂಬರು ಇನ್ನೊಬ್ಬರ ಬಾಯಲ್ಲಿರಲಿ. ನಿಮ್ಮಲ್ಲಿ ಎಷ್ಟು ಜನ ಈಗ, ಮೊಬೈಲ್ ನೋಡದೆ, ನಿಮ್ಮವರ ನಂಬರು ಹೇಳಬಲ್ಲಿರಿ? ಒಮ್ಮೆ ಪ್ರಯತ್ನಿಸಿ ನೋಡಿ.

ಇನ್ನು ಆ ಗುಮ್ಮಟದ ಮಾತು. ಮೂವತ್ತು ವರ್ಷ ಮೇಲಾಯಿತು, ಏನು ಹೇಳಿದಿರಿ ಎಂದು ನಾನು ಕೇಳಿಲ್ಲ. ಕೇಳಿಸಲಿಲ್ಲವೆಂದೂ ಹೇಳಿಲ್ಲ. ನನ್ನ ಬರಹಗಳನ್ನು ಇವರೇ ಮೊದಲು, ಅಕ್ಷರ ಕೂಡಿಸಿಕೊಂಡು, ಓದುವುದು ವಾಡಿಕೆ. ಈ ಸಲ ಮಾತ್ರ ತೋರಿಸದೆ ನೇರವಾಗಿ ಸಂಪಾದಕರಿಗೆ ಕಳುಹಿಸಿದ್ದೇನೆ. ಸಂಚಿಕೆ ಮನೆಗೆ ಬಂದ ದಿನ ಚಹಾ ಜೊತೆ ಓದಲು ಕೂರುತ್ತಾರೆ. ಈ ಸಾಲಿಗೆ ಬಂದು ಮುಟ್ಟಲು ಅವರಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತು ನಾನು ತರಕಾರಿ ತರಲು ಹೋಗಿರುತ್ತೇನೆ.