ಆ ಎರಡನೇ ಸಾಲು ಅಳಿಸಬೇಡಿ

ಕೆಲಸ ಏನು ಅಂತ ಯಾರಾದರೂ ಕೇಳಿದರೆ "ಓದಿ ಟಿಪ್ಪಣಿ ಬರೆಯೋದು" ಅಂತೀನಿ. "ಅದಕ್ಕೂ ಸಂಬಳ ಕೊಡ್ತಾರಾ?" ಅಂತ ನಗ್ತಾರೆ. ಕೊಡ್ತಾರೆ. ಆರೋಗ್ಯ ಯೋಜನೆಗಳ ಮೌಲ್ಯಮಾಪನ ಮಾಡುವ ಒಂದು ತಂಡದಲ್ಲಿ ನನ್ನ ಪಾಲಿಗೆ ಬಂದಿರೋದು ಅನೋಟೇಟೆಡ್ ಬಿಬ್ಲಿಯೋಗ್ರಫಿ. ಇದು ಬರೀ ಲೇಖನಗಳ ಪಟ್ಟಿಯಲ್ಲ. ಪ್ರತಿ ಲೇಖನದ ಕೆಳಗೆ ಏಳೆಂಟು ಸಾಲು ಬರೀಬೇಕು: ಸಂಶೋಧಕರು ಏನು ಕೇಳಿದರು, ಯಾರನ್ನು ಯಾರ ಜೊತೆ ಹೋಲಿಸಿದರು, ಏನು ಸಿಕ್ಕಿತು, ಎಷ್ಟರ ಮಟ್ಟಿಗೆ ನಂಬಬಹುದು, ನಮಗೆ ಇದರಿಂದ ಏನು ಉಪಯೋಗ. ಮೂವತ್ತು ಪುಟ ಓದಲು ಪುರುಸೊತ್ತಿಲ್ಲದವರು ಈ ಏಳೆಂಟು ಸಾಲು ನೋಡಿ ತೀರ್ಮಾನ ಮಾಡ್ತಾರೆ.

ನಮ್ಮದೇ ರಾಜ್ಯದ ಉದಾಹರಣೆ ಹೇಳ್ತೀನಿ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾಯಿತು. ದಕ್ಷಿಣದ ಜಿಲ್ಲೆಗಳಿಗೆ ಬಂದದ್ದು ಆಮೇಲೆ. ಸಂಶೋಧಕರಿಗೆ ಇದೇ ಅನುಕೂಲವಾಯಿತು. ಯೋಜನೆ ಇದ್ದ 300 ಹಳ್ಳಿಗಳನ್ನು, ಅಲ್ಲೇ ಆಚೆ ಯೋಜನೆ ಇಲ್ಲದ 272 ಹಳ್ಳಿಗಳ ಜೊತೆ ಹೋಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶ: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಒಂದು ಕಡೆ ಶೇ. 0.32, ಇನ್ನೊಂದು ಕಡೆ ಶೇ. 0.90. ಅಂದರೆ ಶೇ. 64ರಷ್ಟು ಕಡಿಮೆ.

ಇದು ನನ್ನ ಟಿಪ್ಪಣಿಯ ಮೊದಲ ಸಾಲು. ಎರಡನೆಯದು ಹೀಗಿತ್ತು: "ಇದು ಬಡ ಕುಟುಂಬಗಳಿಗೆ, ಪಟ್ಟಿಯಲ್ಲಿದ್ದ ಕಾಯಿಲೆಗಳಿಗೆ ಮಾತ್ರ ಅನ್ವಯ. ಈ ಚಿಕಿತ್ಸೆಗಳ ಬಳಕೆ ಹೆಚ್ಚಿತು ಎಂದು ಅಂಕಿಅಂಶ ಖಚಿತವಾಗಿ ತೋರಿಸಿಲ್ಲ."

ಸ್ಲೈಡ್ ಮಾಡುವಾಗ ನಮ್ಮ ಮೇಡಂ, "ಜಾಗ ಇಲ್ಲಮ್ಮ, ಎರಡನೇ ಸಾಲು ತೆಗೆದುಬಿಡು" ಅಂದರು. "ಮೇಡಂ, ಅದನ್ನ ತೆಗೆದರೆ ಉತ್ತರ ಕರ್ನಾಟಕದಲ್ಲಿ ಸಾವೇ ಶೇ. 64 ಇಳೀತು ಅಂತ ಓದಿಕೊಳ್ತಾರೆ. ನಾಳೆ ಅದೇ ನಿರೀಕ್ಷೆ ಇಟ್ಟುಕೊಂಡು ಬೇರೆ ಯೋಜನೆ ಅಳೆದರೆ, ಒಳ್ಳೇದನ್ನೂ ಫೇಲ್ ಅಂತ ನಿಲ್ಲಿಸಿಬಿಡ್ತಾರೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾಂಟ್ ಸಣ್ಣದು ಮಾಡು" ಅಂದರು. ಸಾಲು ಉಳೀತು.

ನಾಯಕತ್ವದ ಪಟ್ಟಿಯ ಕಷ್ಟ ಬೇರೆ ಥರ. 1978ರಲ್ಲಿ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ತಮ್ಮ ಪುಸ್ತಕದಲ್ಲಿ, ಜೊತೆಗಿರುವವರನ್ನೂ ಮೇಲೆತ್ತುವ ನಾಯಕತ್ವದ ಬಗ್ಗೆ ಬರೆದರು. ಆ ಹಾದಿಯಲ್ಲಿ ಬಂದ ಲೇಖನಗಳಿಗೆ ಕೊರತೆಯಿಲ್ಲ. ಆದರೆ ನಾನು ಪಟ್ಟಿ ಮಾಡಿದವುಗಳಲ್ಲಿ ಹೆಚ್ಚಿನವು ಪ್ರಶ್ನೆ ಕೇಳಿದ್ದು ಆಸ್ಪತ್ರೆಯ ಮುಖ್ಯಸ್ಥರನ್ನು, ಮ್ಯಾನೇಜರ್‌ಗಳನ್ನು, ವೈದ್ಯರನ್ನು.

ಹಾವೇರಿ ಕಡೆಯ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ಆಶಾ ಕಾರ್ಯಕರ್ತೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಕೇಳಿದಳು: "ಆಸ್ಪತ್ರಿ ಸಾಹೇಬ್ರು ಲೀಡರ್ ಆದ್ರ, ನಡುರಾತ್ರ್ಯಾಗ ಬಸರಿ ಹೆಣ್ಮಗಳನ್ನ ಗಾಡ್ಯಾಗ ಕುಂದ್ರಿಸಿಕೊಂಡು ಹೋಗಾಕಿ ಯಾರವಾ?"

ಉತ್ತರ ಹೊಳೀಲಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಆಶಾ ಹುದ್ದೆ ಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯಲ್ಲಿ ನಾಯಕಿ, ಕೈಗೆ ಸಿಗೋದು ಮಾತ್ರ ಸಂಬಳವಲ್ಲ, ಗೌರವಧನ. 'ನಾಯಕತ್ವ' ಅಂತ ಹುಡುಕಿದರೆ ಅವರು ಸಿಗೋದಿಲ್ಲ. 'ಸಮುದಾಯ ಆರೋಗ್ಯ ಕಾರ್ಯಕರ್ತೆ' ಅಂತ ಬೇರೆಯಾಗಿ ಹುಡುಕಬೇಕು. ತರಬೇತಿಗೆ ಯಾರನ್ನು ಕರೀಬೇಕು, ದುಡ್ಡು ಎಲ್ಲಿ ಹಾಕಬೇಕು ಅನ್ನೋದು ಇಂಥ ಪಟ್ಟಿಗಳನ್ನು ನೋಡಿಯೇ ನಿರ್ಧಾರ ಆಗುತ್ತೆ. ಪಟ್ಟಿಯಲ್ಲಿ ಇಲ್ಲದವರು ಅಲ್ಲೂ ಇರೋದಿಲ್ಲ.

ಈಗ ಎರಡೂ ಪದ ಹಾಕಿ ಹುಡುಕ್ತೀನಿ. ಪ್ರತಿ ಟಿಪ್ಪಣಿಗೂ ಒಂದು ಸಾಲು ಹೆಚ್ಚಾಗಿದೆ: ಈ ಅಧ್ಯಯನದಲ್ಲಿ ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ. ಮೇಡಂ ಈ ಸಾಲಿಗೂ ಸ್ಲೈಡಿನಲ್ಲಿ ಜಾಗ ಮಾಡಿದ್ದಾರೆ, ಸಣ್ಣ ಫಾಂಟಿನಲ್ಲೇ.