ಬಾಡೂಟಕ್ಕೆ ಯಾವ ವೈನ್?



ಹೋದ ತಿಂಗಳು ಹೊಸದುರ್ಗ ಕಡೆಯ ತಮ್ಮನೊಬ್ಬ ಫೋನ್ ಮಾಡಿದ್ದ. ಸಂಘಟನೆ ಹುಡುಗ. ಕೆಲಸ ಕಾಯಂ ಆಗಿದೆ, ಎರಡು ರೂಮಿನ ಮನೆ ಕಟ್ಟಿದಾನೆ, ಭಾನುವಾರ ಬಾಡೂಟ ಇಟ್ಕೊಂಡಿದ್ದ. "ಅಣ್ಣ, ಪ್ರತಿ ಸಲ ಎಲ್ರೂ ವಿಸ್ಕಿ ತತ್ತಾರೆ, ಆಮೇಲೆ ಯಾರೂ ನೆಟ್ಟಗೆ ಊಟ ಮಾಡಲ್ಲ. ಈ ಸಲ ವೈನ್ ಇಡಾಣ ಅಂತ. ಯಾವ್ದು ತರ್ಲಿ?" ಅಂದ. ನಾನು ಎರಡು ಹೆಸರು ಹೇಳಿ ಫೋನ್ ಇಟ್ಟೆ. ಪುಣ್ಯಾತ್ಮ ಅದನ್ನ ನನ್ನ ಹೆಸರು ಸಮೇತ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಹಿರಿಯರೊಬ್ಬರು ಅಲ್ಲೇ ಕೇಳಿದರು: ಸಾರಾಯಿ ಅಂಗಡಿ ಮುಂದೆ ಧರಣಿ ಕೂತವರು ಈಗ ವೈನ್ ಪಟ್ಟಿ ಹಂಚ್ತಿದೀರಾ?

ಕೇಳಬೇಕಾದ ಪ್ರಶ್ನೆಯೇ. ಗುಂಪಲ್ಲಿ ನಾಲ್ಕು ಸಾಲಲ್ಲಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತಿದೀನಿ.

ಮೊದಲು ಒಂದು ಮಾತು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟಲ್ಲ ಅನ್ನೋದೂ ಒಂದು. ಆ ಪ್ರತಿಜ್ಞೆ ತಗೊಂಡವರು ಈ ಪೋಸ್ಟ್ ಇಲ್ಲಿಗೇ ಬಿಡಬಹುದು, ನಿಮ್ಮ ಮುಂದೆ ನಾನು ವಾದ ಮಾಡಲ್ಲ. ಕುಡಿಯದವರು ಇದನ್ನ ಓದಿ ಶುರು ಮಾಡೋದೂ ಬೇಡ. ವೈನ್ ಹೃದಯಕ್ಕೆ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಎಷ್ಟು ಕಡಿಮೆ ಕುಡಿದ್ರೂ ಸುರಕ್ಷಿತ ಅನ್ನೋ ಮಟ್ಟ ಇಲ್ಲ ಅಂತ 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಾನು ಬರೀತಿರೋದು ಹೆಂಗೂ ಕುಡಿಯೋ ನಮ್ಮವರಿಗೆ. ನಾವು ಎಷ್ಟು ಜನ ಇದೀವಿ ಅಂತ ನಮಗೆ ಗೊತ್ತು, ಸಭೆಗಳಲ್ಲಿ ಹೇಳ್ಕಳಲ್ಲ ಅಷ್ಟೆ.

ನಮ್ಮಪ್ಪ ಹೊಳಲ್ಕೆರೆ ಕಡೆ ಅಡಿಕೆ ತೋಟಕ್ಕೆ ಕೂಲಿಗೆ ಹೋಗ್ತಿದ್ದ. ಸಂಜೆ ಕೂಲಿ ಕೊಡುವಾಗ ಕಾಸಿನ ಜೊತೆ ಒಂದು ಪ್ಯಾಕೆಟ್ ಸಾರಾಯಿ. ಅದು ಇನಾಮು ಅಲ್ಲ, ಕೂಲಿ ಲೆಕ್ಕದಲ್ಲೇ ಮುರ್ಕೊಳ್ಳೋರು. ಪ್ಯಾಕೆಟ್ ಬರೋಕೆ ಮುಂಚೆ ಬೊಗಸೆಗೆ ಹುಯ್ಯೋರಂತೆ, ಮೇಲಿಂದ, ಲೋಟ ಮುಟ್ಟಿಸಬಾರದು ಅಂತ. ಅಪ್ಪ ಹಲ್ಲಲ್ಲಿ ಪ್ಯಾಕೆಟ್ ಮೂಲೆ ಕಚ್ಚಿ, ನಿಂತಲ್ಲೇ ಒಂದೇ ಗುಕ್ಕಿಗೆ ಎಳೆದು, ಖಾಲಿ ಹೊಟ್ಟೇಲಿ ಮನೆಗೆ ಬರೋನು. ಬೆಳಿಗ್ಗೆ ಅಂಬಲಿ ಕುಡಿದು ಹೋದವನ ಹೊಟ್ಟೆಗೆ ಸಂಜೆ ಮೊದಲು ಬೀಳ್ತಿದ್ದದ್ದೇ ಅದು. ಅವ್ವ ಇಟ್ಟ ಮುದ್ದೆ ಎಷ್ಟೋ ರಾತ್ರಿ ಹಂಗೇ ಉಳೀತಿತ್ತು. ಅವನು ಐವತ್ತು ಮುಟ್ಟಲಿಲ್ಲ.

ಹಂಗಾಗಿ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಮ್ಮ ಮನೇಲಿ ಯಾರೂ ಅಳಲಿಲ್ಲ. ಅವ್ವ ನಮ್ಮ ಕೇರಿಯ ಹೆಂಗಸರ ಜೊತೆ ಆ ಅಂಗಡಿ ಮುಂದೆ ಪೊರಕೆ ಹಿಡ್ಕೊಂಡು ನಿಂತವಳು. ಆದ್ರೆ ಅದೇ 2007ರಲ್ಲೇ ಇದೇ ರಾಜ್ಯ ಸರ್ಕಾರ ಇನ್ನೊಂದು ಕೆಲಸ ಮಾಡಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು. ವೈನ್ ಅಂದ್ರೆ ರೈತರ ಬೆಳೆಗೆ ಬೆಲೆ, ತೋಟಗಾರಿಕೆಯ ವಿಚಾರ, ಅದಕ್ಕೆ ಪ್ರೋತ್ಸಾಹ ಬೇಕು ಅಂತ. ದ್ರಾಕ್ಷಾರಸ ಮಂಡಳಿ ಬಂತು, ಬೆಂಗಳೂರಲ್ಲಿ ದ್ರಾಕ್ಷಾರಸ ಉತ್ಸವ ಆಯ್ತು. ಒಂದೇ ವರ್ಷ, ಒಂದೇ ವಿಧಾನಸೌಧ. ಬಡವನ ಕುಡಿತ ಪಿಡುಗು, ಉಳ್ಳವನ ಕುಡಿತ ಸಂಸ್ಕೃತಿ. ಸಾರಾಯಿ ಹೋದ ಜಾಗಕ್ಕೆ ನಮ್ಮ ಕೇರಿಗೆ ವೈನ್ ಬರಲಿಲ್ಲ, ಅಗ್ಗದ ವಿಸ್ಕಿಯ 'ನೈಂಟಿ' ಬಂತು. ಈಗಿನ ಹುಡುಗರೂ ಅದರ ಮೂಲೇನ ಹಂಗೇ ನಿಂತು ಹರೀತಾರೆ.

ಲೆಕ್ಕ ಹಾಕಿ. ನೈಂಟಿ ಅಂದ್ರೆ 90 ಎಂಎಲ್, ಅದರಲ್ಲಿ ಶೇ 42.8 ಆಲ್ಕೋಹಾಲ್. ಅಂದ್ರೆ ಸುಮಾರು 38 ಎಂಎಲ್ ಶುದ್ಧ ಆಲ್ಕೋಹಾಲ್ ಎರಡು ಗುಟುಕಲ್ಲಿ ಒಳಗೆ. ವೈನಲ್ಲಿ ಇರೋದು ಶೇ 12ರಿಂದ 14. ಒಂದು ಲೋಟ, 150 ಎಂಎಲ್ ಅಂತ ಇಟ್ಕೊಳ್ಳಿ, ಅದರಲ್ಲಿ 20 ಎಂಎಲ್ ಆಸುಪಾಸು, ಅದನ್ನ ಒಂದು ಊಟದ ಉದ್ದಕ್ಕೂ ಕುಡೀತೀವಿ. ಒಂದು ನೈಂಟಿ ಎರಡು ಲೋಟ ವೈನಿಗೆ ಸಮ. 750 ಎಂಎಲ್ ಬಾಟ್ಲಿ ಐದು ಜನಕ್ಕೆ ಒಂದೊಂದು ಲೋಟ. ಆ ಹಿರಿಯರಿಗೆ ನಾನು ಹೇಳೋದು ಇಷ್ಟೆ: ನಮ್ಮಪ್ಪನ್ನ ತಿಂದಿದ್ದು ಹುಳಿ ಬಂದ ರಸ ಅಲ್ಲ. ಹಸಿದ ಹೊಟ್ಟೆ, ನಿಂತು ಕುಡಿಯೋ ಅವಸರ, ಇನ್ನೊಬ್ಬ ಅಳೆದು ಕೊಟ್ಟ ಅಳತೆ, ಇವು ತಿಂದವು. ಕೂತು, ಮನೆಯವರ ಜೊತೆ, ಬಾಡು ಮುದ್ದೆ ತಿಂತಾ ಕುಡಿಯೋದೇ ಬೇರೆ ವಿಷಯ ಅಂತ ನಾನು ನಲವತ್ತು ದಾಟಿದ ಮೇಲೆ ಕಲಿತೆ. ತಪ್ಪಿದ್ರೆ ತಿದ್ದಿ.

ಇನ್ನು ಆ ತಮ್ಮನ ಪ್ರಶ್ನೆ.

ನಮ್ಮ ಜಿಲ್ಲೆಯ ದೊಡ್ಡ ತಮಾಷೆ ಏನಂದ್ರೆ, ಚಿತ್ರದುರ್ಗದಿಂದ ಹಿರಿಯೂರಿನವರೆಗೆ ಎಣ್ಣೆ ಅಂಗಡಿ ಬೋರ್ಡುಗಳಲ್ಲಿ ಎದ್ದು ಕಾಣೋ ಪದ 'ವೈನ್ಸ್'. ಒಳಗೆ ಹೋಗಿ ವೈನ್ ಕೇಳಿ, ಹುಡುಗ ನಿಮ್ಮ ಮುಖ ನೋಡ್ತಾನೆ. ಆಮೇಲೆ ಮೇಲಿನ ಅಟ್ಟದಿಂದ ಧೂಳು ಒರೆಸಿ ಒಂದು ಸಿಹಿ ಪೋರ್ಟ್ ವೈನ್ ಇಳಿಸ್ತಾನೆ. ನಾನು ಒಂದು ಅಂಗಡೀಲಿ ತಂದ ಕೆಂಪು ವೈನ್ ಮೂರು ಬೇಸಿಗೆ ಕಂಡಿತ್ತು ಅನ್ಸುತ್ತೆ, ತಗಡಿನ ಮಾಡಿನ ಕೆಳಗೆ ನೆಟ್ಟಗೆ ನಿಲ್ಲಿಸಿ ಇಟ್ಟಿದ್ದು. ಬೆಂದ ಹುಣಿಸೆ ರಸದ ಥರ ಇತ್ತು. ಅದಕ್ಕೇ ಮೊದಲ ಪಾಠ: ಬಾಟ್ಲಿ ಮೇಲಿನ ವರ್ಷ ನೋಡಿ, ಬಿಳಿ ವೈನ್ ಆದ್ರೆ ಆದಷ್ಟು ಹೊಸದು ತಗೊಳ್ಳಿ, ಬಿಸಿಲಿಗೆ ಇಟ್ಟ ಬಾಟ್ಲಿ ಮುಟ್ಟಬೇಡಿ. ಬೆಂಗಳೂರಿಗೆ ಹೋದವರ ಕೈಲಿ ತರಿಸೋದು ವಾಸಿ.

ಪೋರ್ಟ್ ವೈನ್ ಅಂತ ನಮ್ಮಲ್ಲಿ ಸಿಗೋದು ಬಹುಪಾಲು ಬೆಂಗಳೂರು ನೀಲಿ ದ್ರಾಕ್ಷಿಯಂಥ ಹಣ್ಣಿನದು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋದು, 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕ ಹಣ್ಣು. ನನಗೆ ಆ ಹಣ್ಣಿನ ಮೇಲೆ ಪ್ರೀತಿ. ಬಾಯಿಗೆ ಹಾಕ್ಕೊಂಡ್ರೆ ಘಮ್ ಅನ್ನೋ ಆ ವಾಸನೆ ಬೇರೆ ದ್ರಾಕ್ಷಿಗೆ ಇಲ್ಲ. ಆದ್ರೆ ಅದರ ಸಿಹಿ ವೈನ್ ಊಟದ ಜೊತೆ ಆಗಲ್ಲ, ಸಾರಿಗೆ ಬೆಲ್ಲ ಹಾಕಿದಂಗೆ.

ಊಟಕ್ಕೆ ಬೇಕಾಗಿರೋದು ಸಿಹಿ ಇಲ್ಲದ್ದು. ನಾನು ಮೊದಲು ಹೇಳೋದು ಗ್ರೋವರ್‌ನವರ 'ಲಾ ರಿಸರ್ವ್', ಕೆಂಪು. ನಂದಿಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಕಡೆ ಎಂಬತ್ತರ ದಶಕದ ಕೊನೆಗೆ ಶುರುವಾದ ತೋಟ ಅವರದ್ದು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಅನ್ನೋ ಎರಡು ದ್ರಾಕ್ಷಿ ಬೆರೆಸಿ ಮಾಡೋದು. ಇದರಲ್ಲಿ ಒಗರಿದೆ, ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತಲ್ಲ ಹಂಗೆ. ಆ ಒಗರಿಗೆ ಕೊಬ್ಬು ಬೇಕು. ಕುರಿ ಬಾಡು, ತಲೆಮಾಂಸ, ಕಾಲು ಸೂಪು, ಮೆಣಸು ಹಾಕಿ ಹುರಿದ ಒಣಬಾಡು, ಇವಕ್ಕೆ ಇದು. ಕೊಬ್ಬು ಒಗರನ್ನ ಇಳಿಸುತ್ತೆ, ಒಗರು ಬಾಯಿಗೆ ಮೆತ್ತಿದ ಕೊಬ್ಬನ್ನ ತೊಳೆಯುತ್ತೆ. ಬೆಲೆ ಜಾಸ್ತಿ ಅನ್ನಿಸಿದ್ರೆ ಸುಲಾದವರ ಸಾದಾ ಶಿರಾಜ್ ತಗೊಳ್ಳಿ. ಅದು ನಾಸಿಕ್‌ನದು.

ಈ ಕೆಂಪು ವೈನ್ ವಿಚಾರದಲ್ಲಿ ಒಂದು ಹೇಳದೆ ಹೋಗಲಾರೆ. ಪ್ರಪಂಚದ ಯಾವ ವೈನ್ ಪುಸ್ತಕ ತೆರೆದ್ರೂ ಕೆಂಪು ವೈನಿಗೆ ಮೊದಲ ಜೋಡಿ ದನದ ಮಾಂಸ. ನಮ್ಮ ಅವ್ವಂದಿರು ನೂರಾರು ವರ್ಷದಿಂದ ಅಡುಗೆ ಮಾಡಿ ಕಲಿತ ಮಾಂಸ ಅದು, ಯಾವ ತುಂಡು ಸಾರಿಗೆ, ಯಾವುದು ಒಣಗಿಸೋಕೆ ಅಂತ ಗೊತ್ತಿರೋರು ನಾವು. 2021ರಿಂದ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಇನ್ನೇನೂ ಕಡಿಯೋ ಹಾಗಿಲ್ಲ. ಅದಕ್ಕೂ ಅಧಿಕಾರಿಗಳ ಸರ್ಟಿಫಿಕೇಟ್ ಬೇಕು. ಪಂಚತಾರಾ ಹೋಟೆಲಲ್ಲಿ ಹೊರದೇಶದ ವೈನ್ ಹಿಡ್ಕೊಂಡು ಸ್ಟೇಕ್ ಮಾತಾಡೋನು ರಸಿಕ. ಕೇರಿಯಲ್ಲಿ ಅದೇ ಬಾಡು ಬೇಯಿಸಿದವನ ಮನೆಗೆ ಪೊಲೀಸು. ಕಾನೂನಿನ ಒಳಗೆ ಎಮ್ಮೆ ಬಾಡು ಸಿಕ್ಕಿದವರು ಲಾ ರಿಸರ್ವ್ ಜೊತೆ ತಿಂದು ನೋಡಿ. ಆ ಪುಸ್ತಕಗಳು ಸುಳ್ಳು ಹೇಳಿಲ್ಲ.

ಖಾರದ ಅಡುಗೆಗೆ ಮಾತ್ರ ಕೆಂಪು ಬೇಡ. ಬೋಟಿ ಗೊಜ್ಜು, ಹಂದಿ ಹುರುಕಲು, ನಮ್ಮ ಕಡೆ ಕಣ್ಣಲ್ಲಿ ನೀರು ಬರೋ ಖಾರಕ್ಕೆ ಒಗರು ಸೇರಿದ್ರೆ ಬಾಯಿ ಇನ್ನೂ ಉರಿಯುತ್ತೆ. ಬಿಳಿ ಶೆನಿನ್ ಬ್ಲಾಂಕ್ ತಗೊಳ್ಳಿ, ಸುಲಾ ಆದ್ರೂ ಸರಿ, ಗ್ರೋವರ್ ಆದ್ರೂ ಸರಿ. ಸುಲಾದಲ್ಲಿ ಚೂರು ಸಿಹಿ ಇರುತ್ತೆ, ಅದೇ ಖಾರ ಇಳಿಸೋದು. ಫ್ರಿಜ್ಜಲ್ಲಿ ಮೂರು ಗಂಟೆ ಇಟ್ಟು ತಣ್ಣಗೆ ಮಾಡಿ. ಫ್ರಿಜ್ ಇಲ್ದಿದ್ರೆ ಒದ್ದೆ ಗೋಣಿಚೀಲ ಸುತ್ತಿ ಗಾಳಿಗೆ ಇಡಿ, ಅಷ್ಟು ತಣ್ಣಗಾಗಲ್ಲ, ಆದ್ರೂ ನಡೆಯುತ್ತೆ. ಇದೇ ವೈನ್ ಮಾರಿಕಣಿವೆ ಮೀನಿಗೂ. 2022ರಲ್ಲಿ 89 ವರ್ಷದ ಮೇಲೆ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡೋಕೆ ಹೋದ ನಾವು ನಾಲ್ಕು ಜನ ಸಂಜೆ ಹಿರಿಯೂರಲ್ಲಿ ಗೆಳೆಯನ ಮನೇಲಿ ಹುರಿದ ಮೀನಿಗೆ ಕುಡಿದಿದ್ದು ಇದನ್ನೇ. ಒಂದೇ ಬಾಟ್ಲಿ. ರಾತ್ರಿ ಹನ್ನೊಂದರವರೆಗೂ ಒಳಮೀಸಲಾತಿ ಬಗ್ಗೆ ಜಗಳ ಆಡಿದ್ವಿ, ಯಾರೂ ಯಾರಿಗೂ ಹೊಡೀಲಿಲ್ಲ.

ಮುದ್ದೆಗೆ ಏನು ಅಂತ ಆ ತಮ್ಮ ಕೇಳಿದ್ದ. ಮುದ್ದೆಗೆ ಏನೂ ಬೇಡ, ಸಾರು ನೋಡಿ ವೈನ್ ತಗೋ ಅಂದೆ. ಹುರುಳಿ ಸಾರು, ಉಪ್ಪೆಸರು ಅಂದ್ರೆ ರೋಸೆ ಅನ್ನೋ ಗುಲಾಬಿ ಬಣ್ಣದ್ದು ಚೆನ್ನಾಗಿ ಹೊಂದುತ್ತೆ. ವೈನ್ ಅಂದ್ರೆ ನಮಗೆ ಗೊತ್ತಿಲ್ಲದ ವಿದ್ಯೆ ಅನ್ನೋ ಅಂಜಿಕೆ ಬಿಡಿ. ಹುಳಿ ಬರಿಸೋದು ನಮ್ಮ ಅಜ್ಜಿಯರ ವಿದ್ಯೆ. ಶಿವ ಚೋಳರಾಜನ ಎಡೆ ಬಿಟ್ಟು ಮಾದಾರ ಚೆನ್ನಯ್ಯನ ಅಂಬಲಿ ಉಂಡ ಅಂತ ಕತೆ ಇದೆಯಲ್ಲ, ಆ ಅಂಬಲೀನೂ ರಾತ್ರಿಯೆಲ್ಲಾ ಮಡಕೇಲಿ ಹುಳಿ ಬಂದದ್ದೇ ಇರಬೇಕು ಅಂತ ನನ್ನ ಊಹೆ. ಲೋಟದ ಚಿಂತೇನೂ ಬೇಡ, ಉದ್ದ ಕಾಲಿನ ಗಾಜು ಇಲ್ದಿದ್ರೆ ಸ್ಟೀಲ್ ಲೋಟ ಸಾಕು. ಎಲ್ಲರಿಗೂ ಒಂದೇ ಥರದ ಲೋಟ ಇರಲಿ ಅಷ್ಟೆ. ಎರಡು ಲೋಟದ ಹೋಟೆಲುಗಳನ್ನ ನೋಡಿ ಬೆಳೆದವರು ನಾವು.

ಅವ್ವನ ವಿಷಯ. ಮೊದಲ ಸಲ ಲಾ ರಿಸರ್ವ್ ಮನೆಗೆ ತಂದಾಗ ಬಟ್ಟೆ ಬ್ಯಾಗಲ್ಲಿ ಸುತ್ತಿ ತಂದಿದ್ದೆ, ಕಳ್ಳನ ಥರ. ಅವಳು ಬಾಟ್ಲಿ ಕತ್ತು ನೋಡಿಯೇ ಹಿಡಿದುಬಿಟ್ಲು. "ಎಷ್ಟಕ್ಕೆ ತಂದೆ?" ಅಂದ್ಲು. ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವಳು "ಎರಡು ದಿನದ ಕಳೆ ಕೂಲಿ" ಅಂದು ಒಳಗೆ ಹೋದ್ಲು. ಆವತ್ತು ಊಟಕ್ಕೆ ಬರಲಿಲ್ಲ. ನಾನೂ ನನ್ನ ಹೆಂಡತಿ ಒಂದೊಂದು ಲೋಟ ಕುಡಿದು, ಊಟ ಮಾಡಿ, ಉಳಿದಿದ್ದಕ್ಕೆ ಬಿರಡೆ ಹಾಕಿ ಇಟ್ವಿ. ಅವಳು ಬಾಗಿಲ ಹಿಂದೆ ನಿಂತು ನೋಡ್ತಾ ಇದ್ದದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ಬಂದವಳೇ ಮೊದಲು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು. "ಉಳಿಸಿಟ್ಟೀರಾ?" ಅಂದ್ಲು. ಮನೇಲಿ ಕುಡಿತದ ಬಾಟ್ಲಿ ರಾತ್ರಿ ಕಳೆದು ಬೆಳಿಗ್ಗೆಗೆ ಉಳಿದದ್ದನ್ನ ಅವಳು ಅವತ್ತೇ ಮೊದಲು ನೋಡಿದ್ದು. ಇವತ್ತಿಗೂ ಅವಳು ಒಂದು ಹನಿ ಮುಟ್ಟಿಲ್ಲ. ನಾನು ಮುಟ್ಟು ಅಂತಲೂ ಹೇಳಿಲ್ಲ.

ಕೊನೇದಾಗಿ ಆ ತಮ್ಮನಿಗೆ. ಇಪ್ಪತ್ತು ಜನಕ್ಕೆ ನಾಲ್ಕು ಬಾಟ್ಲಿ ಸಾಕು, ಎರಡು ಕೆಂಪು, ಎರಡು ಬಿಳಿ. ಕುಡಿಯದವರಿಗೆ ಮಜ್ಜಿಗೆ ಮರೀಬೇಡ. ಊಟ ಬಡಿಸಿದ ಮೇಲೆ ಬಾಟ್ಲಿ ತೆಗಿ, ಮುಂಚೆ ಬೇಡ. ಗಾಡಿ ಓಡಿಸೋನಿಗೆ ಹುಯ್ಯಬೇಡ. ಉಳಿದಿದ್ದು ಮುಚ್ಚಿ ಫ್ರಿಜ್ಜಲ್ಲಿ ಇಟ್ರೆ ಎರಡು ಮೂರು ದಿನ ಚೆನ್ನಾಗಿರುತ್ತೆ, ಆಮೇಲೆ ಹುಳಿ ಆಗುತ್ತೆ. ಹಂಗಂತ ಚೆಲ್ಲಬೇಡ. ಕೆಂಪು ಆದ್ರೆ ಬಾಡು ಬೇಯೋವಾಗ ಹುಣಿಸೆ ಹುಳಿ ಬದಲು ಒಂದು ಲೋಟ ಹುಯ್ಯಿ, ಮುಚ್ಚಳ ತೆಗೆದು ಚೆನ್ನಾಗಿ ಕುದಿಸು. ನಮ್ಮವ್ವ ಹಂಗೇ ಮಾಡೋದು. ಅದನ್ನೂ ಅವಳು ತಿನ್ನಲ್ಲ, ನಮಗೆ ಬಡಿಸಿ ಚೆನ್ನಾಗೈತಾ ಅಂತ ಕೇಳ್ತಾಳೆ.